ಮದುಮಗಳ ಬರಿಗೈ

ತಿಪಟೂರಿನ ನಸೀಮಾ ಮೆಹಂದಿ ಹಾಕೋಕೆ ಕೂತಳು ಅಂದ್ರೆ ಮದುಮಗಳು ಮದುಮಗನನ್ನೇ ಮರೆಯಬೇಕು, ಅಂಥ ಕೈಚಳಕ. ಆ ದಿನ ಅವಳನ್ನು ಕರೆಸಿದ್ದ ಮದುವೆಮನೆಯಲ್ಲಿ ಮದುಮಗಳ ತಾಯಿ ಸರ್ವಮಂಗಳಮ್ಮ ಮಾತ್ರ ಜಂಬದಿಂದ ಹೇಳಿದರು: "ದುಡ್ಡಿನ ಮಾತೆತ್ತಬೇಡ. ದೊಡ್ಡ ದೊಡ್ಡ ಮನೆಯವರು ಬರ್ತಾರೆ, ಪರಿಚಯ ಆಗುತ್ತೆ. ಅದೇ ನಿನ್ನ ಕೂಲಿ."

"ಆಗಲಿ ಅಮ್ಮಾವ್ರೇ," ಅಂದಳು ನಸೀಮಾ.

ಮದುಮಗಳ ಎಡಗೈ ಮೇಲೆ ನವಿಲು ಬಿಡಿಸಿದವಳೇ ಎದ್ದು ನೆಂಟರ ನಡುವೆ ಹೋಗಿ ಕೂತಳು. ಮೊದಲ ಸಲ ತಂಗಿಯ ಕೈ ಮೇಲೆ ನವಿಲು ಬಿಡಿಸೋಕೆ ಹೋಗಿ ಅದು ಕೋಳಿಯಾದ ಕಥೆ ಹೇಳಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕು ಅವಳ ನಂಬರ್ ಬರೆದುಕೊಂಡರು.

ಸರ್ವಮಂಗಳಮ್ಮ ಓಡಿ ಬಂದರು. "ಬಲಗೈಗೆ ಯಾರೇ ಹಾಕೋರು?"

"ಕೂಲಿ ವಸೂಲಿ ಮಾಡ್ತಿದ್ದೀನಿ ಅಮ್ಮಾವ್ರೇ. ಇನ್ನೂ ಊಟಕ್ಕೆ ಕೂತವರ ಪರಿಚಯ ಬಾಕಿ ಇದೆ."

ಮದುಮಗಳು ನಗುತ್ತಾ ಬಲಗೈ ಚಾಚಿದಳು. "ಅಮ್ಮಾ, ಪರ್ಸು ಇತ್ತ ಕೊಡು. ಈ ಕೈಗೂ ಮೆಹಂದಿ ಬೀಳೋ ಮುಂಚೆ ನಾನೇ ಕೊಟ್ಟುಬಿಡ್ತೀನಿ."