ಅಡಿವೆಪ್ಪ ಬರೆದ ಉತ್ತರ ಪತ್ರಿಕೆ

ಶಿವನು ಎಲ್ಲರನ್ನೂ ಒಂದೇ ಮಣ್ಣಿನಲ್ಲಿ ಮಾಡಿದ; ಕೆಲವರನ್ನು ಮಾತ್ರ ಕೆಳಗಿಡಲು ಮನಸ್ಸಾಗದೆ ಸ್ವಲ್ಪ ಹೆಚ್ಚು ಹೊತ್ತು ಕೈಯಲ್ಲೇ ಹಿಡಿದುಕೊಂಡ. ಅಂಥವರಲ್ಲಿ ಒಬ್ಬ ನಮ್ಮ ಬೈಲಹೊಂಗಲದ ಅಡಿವೆಪ್ಪ. ತಾಯಿ ನೀಲವ್ವ ಖಡಕ್ ರೊಟ್ಟಿ ಬಡಿದು ಮಾರಿ ಮಗನಿಗೆ ಬಿ.ಕಾಂ. ಮಾಡಿಸಿದಾಕೆ. ಲೆಕ್ಕದಲ್ಲಿ ಹುಡುಗ ಚುರುಕೇ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ!

"ಹಾಲು ಉಕ್ಕತೈತೇನು ನೋಡೋ" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುವವ.

"ನೋಡಿದ್ಯೇನೋ?"

"ನೋಡಿದೆ ಯವ್ವಾ. ಉಕ್ಕಿತು!"

ಪತ್ತಿನ ಸಂಘದಲ್ಲಿ ಅವನಿಗೆ ಹಂಗಾಮಿ ಕೆಲಸ. ಹಣಕಾಸು ಸಲಹೆಗಾರರ ಪರೀಕ್ಷೆ ಪಾಸಾದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಮೂರೇ ಸಲ ಕೂರಲು ಅವಕಾಶ. ಎರಡು ಸಲ ಆಗಿಹೋಗಿತ್ತು. ಟಿಕ್ ಹಾಕುವ ಪ್ರಶ್ನೆಗಳಲ್ಲಿ ಅವನು ಊರಿಗೇ ಮೊದಲು. ಬರೆದು ಉತ್ತರಿಸುವ ಪತ್ರಿಕೆಯಲ್ಲಿ ಎರಡು ಸಲವೂ ಮಕಾಡೆ.

ನೀಲವ್ವ ಮಗನ ಕೈ ಹಿಡಿದು, ಮಠದ ಹಿಂದಿನ ಕೋಣೆಯಲ್ಲಿ ಪುಕ್ಕಟೆ ಪಾಠ ಹೇಳುತ್ತಿದ್ದ ಕೋಟಬಾಗಿ ಮಾಸ್ತರರ ಮುಂದೆ ನಿಲ್ಲಿಸಿದಳು. "ಸರ, ಇವ ಪೆದ್ದ ಅದಾನ್ರಿ, ಆದ್ರ ಕೆಟ್ಟವ ಅಲ್ರಿ. ನೀವು ಹೇಳಿದಂಗ ಮಾಡತಾನ."

ಅದೇ ಕಷ್ಟ ಅಂತ ಮಾಸ್ತರರಿಗೆ ಆಗ ಗೊತ್ತಿರಲಿಲ್ಲ.

ಮೊದಲ ಭಾನುವಾರ ಮಾಸ್ತರರು ಒಂದೇ ಒಂದು ಪ್ರಶ್ನೆ ಕೊಟ್ಟರು. ನಿವೃತ್ತಳಾದ ಶಿಕ್ಷಕಿ ತನ್ನ ದುಡ್ಡನ್ನೆಲ್ಲ ಶೇರಿನಲ್ಲಿ ಹಾಕಬಹುದೇ? ಎರಡು ಕಾರಣ ಕೊಡಿ. ಅಡಿವೆಪ್ಪ ಗಣಪತಿಯನ್ನು ನೆನೆದು ಶುರುಮಾಡಿದ. ಹತ್ತೊಂಬತ್ತು ಪುಟ ಬರೆದ!

"ಏನಲೇ ಇದು, ಪುರಾಣ?" ಮಾಸ್ತರರು ಚೀರಿದರು. "ಎರಡು ಕೇಳಿದ್ರ ಎರಡಽ! ಮೂರನೇದ್ದು ಯಾರೂ ಓದೂದಿಲ್ಲ. ಎರಡು ಬರಿ, ಪೆನ್ನು ಕೆಳಗಿಡು!"

"ಹೂನ್ರಿ ಸರ."

ಮುಂದಿನ ಭಾನುವಾರ ನಾಲ್ಕು ಪ್ರಶ್ನೆ. ಅಡಿವೆಪ್ಪ ಮೊದಲನೆಯದಕ್ಕೆ ಎರಡು ಕಾರಣ ಬರೆದ. ಮುತ್ತಿನಂಥ ಎರಡು ಕಾರಣ! ಪೆನ್ನು ಕೆಳಗಿಟ್ಟ. ಎರಡು ತಾಸು ಕೈಕಟ್ಟಿ ಕೂತ.

"ಉಳಿದ ಮೂರು?"

"ಪೆನ್ನು ಕೆಳಗಿಡು ಅಂದಿದ್ರಲ್ರಿ ಸರ."

"ಅಯ್ಯ ನಿನ್ನ! ಎಲ್ಲಾದಕ್ಕೂ ಬರೀಬೇಕೋ! ಲೆಕ್ಕ ಬಂದ್ರ ಬರೀ ಉತ್ತರ ಅಲ್ಲ. ಅದು ಹೆಂಗ ಬಂತು ಅನ್ನೂದನ್ನ ಒಂದೂ ಬಿಡದಂಗ ಬರಿ! ಉತ್ತರ ತಪ್ಪಿದ್ರೂ ದಾರಿಗೆ ಅಂಕ ಸಿಗತಾವ."

"ಹೂನ್ರಿ ಸರ."

ಮೂರನೇ ಭಾನುವಾರ ಬಡ್ಡಿಯ ಲೆಕ್ಕ ಬಂತು. ಅಡಿವೆಪ್ಪ ಒಂದೂ ಬಿಡದಂತೆ ಬರೆದ: 'ಮೊದಲು ಹನ್ನೆರಡು ಅನ್ನಿಸಿತು. ಪಕ್ಕದವನು ಕೆಮ್ಮಿದ. ಮರೆತುಹೋಯಿತು. ಅವ್ವ ಕಟ್ಟಿದ ರೊಟ್ಟಿ ನೆನಪಾಯಿತು. ಬಸವಣ್ಣನನ್ನು ನೆನೆದೆ. ಗುಣಿಸಿದೆ. ಒಂಬತ್ತು ಬಂತು.' ಒಂಬತ್ತೇ ಸರಿ ಉತ್ತರ! ಆದರೆ ಗುಣಿಸಿದ್ದು ಯಾವುದನ್ನ, ಎಷ್ಟರಿಂದ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ಮಾಸ್ತರರು ಹಣೆ ಒತ್ತಿಕೊಂಡರು. "ನಿನ್ನ ಸುದ್ದಿ ಯಾರಿಗೆ ಬೇಕೋ ತಮ್ಮಾ? ಅಂಕಿ ಬರಿ, ಅಂಕಿ! ಮತ್ತ ಪ್ರಶ್ನೆಯೊಳಗಿರೋ ಮನುಷ್ಯಾರನ್ನ ನೋಡು. ಅವರ ವಯಸ್ಸೇನು, ಸಂಸಾರೇನು, ಕಷ್ಟ ಏನು? ಅವರನ್ನ ನೋಡದ ಒಂದು ಅಕ್ಷರಾ ಬರೀಬ್ಯಾಡ!"

"ಹೂನ್ರಿ ಸರ."

ನಾಲ್ಕನೇ ಭಾನುವಾರದ ಪ್ರಶ್ನೆಯಲ್ಲಿ ಸವದತ್ತಿಯ ಗಂಗಾಬಾಯಿ ಅಂತ ಒಬ್ಬಾಕೆ ಇದ್ದಳು. ಅರವತ್ತೆರಡು ವರ್ಷ, ವಿಧವೆ. ಅಡಿವೆಪ್ಪ ಪತ್ರಿಕೆ ಮಡಚಿ ಕಿಸೆಯಲ್ಲಿಟ್ಟ. ಎದ್ದ. ಸವದತ್ತಿ ಬಸ್ಸು ಹತ್ತಿದ!

ಮಗ ಊಟಕ್ಕೆ ಬರಲಿಲ್ಲ. ನೀಲವ್ವ ಮಠದ ಬಾಗಿಲಿಗೆ ಓಡಿದಳು, ಬಸ್ ಸ್ಟ್ಯಾಂಡಿಗೆ ಓಡಿದಳು. ಸಂಜೆಗೆ ಬಸ್ಸಿನಿಂದ ಇಳಿದ ನೋಡ್ರಿ, ಕೈಯಲ್ಲೊಂದು ಕುಂಬಳಕಾಯಿ!

"ಎಲ್ಲಿ ಹೋಗಿದ್ಯೋ ಹಾಳಾದವನ?"

"ಗಂಗಾಬಾಯಿನ್ನ ನೋಡಾಕ, ಯವ್ವಾ. ಸವದತ್ತಿಯೊಳಗ ನಾಲ್ಕು ಮಂದಿ ಗಂಗಾಬಾಯಿ ಅದಾರ. ಒಬ್ಬಾಕಿ ವಿಧವೆ, ಆದ್ರ ಆಕಿಗೆ ಎಪ್ಪತ್ತು. ಭಾಳ ಛಲೋ ಮುದುಕಿ. ಕುಂಬಳಕಾಯಿ ಕೊಟ್ಲು."

ಹುಡುಕುತ್ತ ಬಸ್ ಸ್ಟ್ಯಾಂಡಿಗೇ ಬಂದಿದ್ದ ಮಾಸ್ತರರು ಈ ಸಲ ಬೈಯಲಿಲ್ಲ. "ಆಕಿ ಇಲ್ಲೋ ಮಗನ. ಪತ್ರಿಕಿ ಮಾಡಿದವರು ಹುಟ್ಟಿಸಿದ ಹೆಸರದು. ಓದಿ ಮನಸಿನ್ಯಾಗ ನೋಡಬೇಕು. ನಾಳೆ ಖರೇ ಪರೀಕ್ಷೆ, ಕೊನೇ ಸಲ. ಗಂಟೆ ಹೊಡಿಯೂತನಕ ಜಾಗಾ ಬಿಟ್ಟು ಏಳಬ್ಯಾಡ. ಬರೂದಿಲ್ಲ ಅಂತ ಯಾವ ಚೌಕಾನೂ ಖಾಲಿ ಬಿಡಬ್ಯಾಡ. ತಿಳಿದಷ್ಟು ಬರಿ. ಶಿವ ಅದಾನ."

"ಹೂನ್ರಿ ಸರ."

ಮರುದಿನ ನೀಲವ್ವ ರೊಟ್ಟಿ ಬಡಿಯಲಿಲ್ಲ. ಪರೀಕ್ಷೆಯ ಕಟ್ಟಡದ ಗೇಟಿಗೆ ಒರಗಿ ಕೂತು, ಮೂರು ತಾಸು ಓಂ ನಮಃ ಶಿವಾಯ ಅಂದಳು. ಮಾಸ್ತರರೂ ಕಾಲು ಬದಲಿಸುತ್ತ ಪಕ್ಕದಲ್ಲೇ ನಿಂತಿದ್ದರು. ಗಂಟೆ ಹೊಡೆಯಿತು. ಅಡಿವೆಪ್ಪ ನಗುತ್ತ ಬಂದ.

"ಎರಡು ಕೇಳಿದಲ್ಲಿ?"

"ಎರಡಽ ಬರದೆ, ಸರ."

"ಲೆಕ್ಕ?"

"ಬರೀ ಅಂಕಿ. ಯಾರ ಕೆಮ್ಮೂ ಬರೀಲಿಲ್ಲ."

"ಪ್ರಶ್ನೆಯೊಳಗಿನ ಮನುಷ್ಯಾರು?"

"ಮನಸಿನ್ಯಾಗ ನೋಡಿದೆ. ಒಬ್ಬ ಮುದುಕಪ್ಪಗ ಔಷಧಕ್ಕ ಅಂತ ರೊಕ್ಕ ಕೈಯಾಗ ಇಟಗೋ ಅಂತ ಬರದೆ."

ಮಾಸ್ತರರ ಕಣ್ಣು ತುಂಬಿತು. "ನೀಲವ್ವ, ಗೆದ್ದೆವಲ್ಲವ್ವಾ!"

"ಒಂದು ಚೌಕಾನೂ ಖಾಲಿ ಬಿಟ್ಟಿಲ್ರಿ ಸರ," ಅಂದ ಅಡಿವೆಪ್ಪ. "ಪರೀಕ್ಷಕರ ಉಪಯೋಗಕ್ಕೆ ಮಾತ್ರ ಅಂತ ಬಲಗಡೆ ಇದ್ವಲ್ಲ, ಅವನ್ನೂ ತುಂಬಿದೆ. ಒಂದೊಂದಕ್ಕೂ ಅಂಕ ಹಾಕಿದೆ. ಕೂಡಿಸಿದೆ. ಸಹೀನೂ ಮಾಡಿದೆ."

ಮಾಸ್ತರರು ಗೇಟು ಹಿಡಿದುಕೊಂಡರು. "ಎಷ್ಟು ಹಾಕ್ಕೊಂಡ್ಯೋ ಪುಣ್ಯಾತ್ಮಾ?"

"ನಲವತ್ತೆಂಟು."

"ಐವತ್ತಕ್ಕ ಪಾಸಲೇ!"

"ಗೊತ್ತೈತ್ರಿ. ಆದ್ರ ಐದನೇದ್ದು ನನಗ ಪೂರಾ ತಿಳೀಲಿಲ್ಲ. ಸುಳ್ಳು ಹೆಂಗ ಹಾಕಲ್ರಿ?"

ನೀಲವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೆಲಸ ಹೋದ ಹಾಗೇ. ಆದರೂ ಮಗನ ತಲೆ ಸವರಿದಳು. ಯಾರೂ ನೋಡದಲ್ಲಿ ತನಗೆ ತಾನೇ ಕಡಿಮೆ ಹಾಕಿಕೊಳ್ಳುವ ಮಗನನ್ನು ಬೈಯಲು ಯಾವ ತಾಯಿಗೆ ಬಾಯಿ ಬರುತ್ತದೆ! ಅಂದಿನಿಂದ ದಿನಾ ಒಂದು ರೊಟ್ಟಿ ಹೆಚ್ಚು ಬಡಿದು ಜಂಗಮರ ಜೋಳಿಗೆಗೆ ಹಾಕಿದಳು. "ಶಿವನ, ನಿನಗ ಅವನ ಮನಸು ಗೊತ್ತೈತಿ. ಆ ಪತ್ರಿಕಿ ನೋಡೋರಿಗೂ ಗೊತ್ತು ಮಾಡಪ್ಪಾ."

ಮಾಡಿದ. ಫಲಿತಾಂಶದ ಕಾಗದ ಬಂತು. ಅಡಿವೆಪ್ಪ ಹಾಕಿಕೊಂಡ ಅಂಕ ಬಿಟ್ಟು, ಹೊಸ ಹಾಳೆಯಲ್ಲಿ ಪರೀಕ್ಷಕರು ಮೊದಲಿನಿಂದ ಅಂಕ ಹಾಕಿದ್ದರು. ಅರವತ್ತೊಂದು! ಸಂಘದಲ್ಲಿ ಕೆಲಸ ಕಾಯಂ! ನೀಲವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಇಪ್ಪತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಅಡಿವೆಪ್ಪ ಕಾಗದ ಹಿಡಿದು ಅಳುತ್ತ ಬಂದ. "ಯವ್ವಾ, ತಿರಸ್ಕಾರ ಆತು! ಪರೀಕ್ಷೆಯವರು ತಿರಸ್ಕಾರ ಮಾಡಿದರು!"

ನೀಲವ್ವನ ಕೈಯಿಂದ ಹಿಟ್ಟಿನ ಉಂಡೆ ಜಾರಿ ಬಿತ್ತು. ಓದಲು ಬಾರದ ಆಕೆ, ಹಿಟ್ಟಿನ ಕೈಯಲ್ಲೇ ಕಾಗದ ಹಿಡಿದು ಮಗನನ್ನು ಎಳೆದುಕೊಂಡು ಮಾಸ್ತರರ ಬಳಿಗೆ ಓಡಿದಳು.

ಮಾಸ್ತರರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ತಮ್ಮಾ, ನೀ ಇವರಿಗೆ ಏನು ಬರದಿದ್ದಿ?"

"ಅಂಕಗಳ ಬಗ್ಗೆ ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬರೆದು ತಿಳಿಸಿ ಅಂತ ಫಲಿತಾಂಶದ ಕಾಗದದ ಕೆಳಗ ಇತ್ತಲ್ರಿ. ನನಗ ಇತ್ತು. ನಲವತ್ತೆಂಟಕ್ಕ ಅರವತ್ತೊಂದು ಹಾಕ್ಯಾರ, ಹದಿಮೂರು ಹೆಚ್ಚಾತು, ತಿದ್ದಿಕೊಳ್ಳಿ ಅಂತ ಬರದೆ."

"ಶಿವಾ ಶಿವಾ! ತಿರಸ್ಕಾರ ಆಗಿದ್ದು ನಿನ್ನ ಆಕ್ಷೇಪಣೆಯೋ! ನೀ ಪಾಸಽ ಅದೀ!"

ನೀಲವ್ವ ಅಲ್ಲೇ ಮಠದ ಗೋಡೆಗೆ ಹಿಟ್ಟಿನ ಕೈ ಮುಗಿದಳು. ಅಡಿವೆಪ್ಪ ಕಣ್ಣೊರೆಸಿಕೊಂಡು ಕಾಗದದ ಕೊನೆಯ ಸಾಲಿಗೆ ಬೆರಳಿಟ್ಟ.

"ಸರ, 'ಒಪ್ಪಿಗೆ ಇಲ್ಲದಿದ್ದರೆ ಮೇಲಧಿಕಾರಿಗಳಿಗೆ ಬರೆಯಬಹುದು' ಅಂತ ಐತ್ರಿ. ಪೆನ್ನು ಕೊಡ್ರಿ."