ಹೋಗುವ ಎಳೆ, ಬರುವ ಎಳೆ

ನಮ್ಮ ಮನೆತನದ ಹೆಂಗಸರು ನಾಲ್ಕು ತಲೆಮಾರಿನಿಂದ ಧಾರವಾಡದಲ್ಲಿ ಕಸೂತಿ ಕಲಿಸಿದವರು. ನಮ್ಮ ಪಡಸಾಲೆಯಲ್ಲಿ ಸೂಜಿ ಹಿಡಿಯಲು ಕಲಿತವರು ಊರಿನ ಒಳ್ಳೊಳ್ಳೆಯ ಮನೆಗಳಲ್ಲಿದ್ದಾರೆ. ಇನ್ನೊಬ್ಬರ ಹೊಲಿಗೆಯನ್ನು ತಮ್ಮದೆಂದು ಹೇಳಿಕೊಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಶಿವಲೀಲಾ ಕಲಿಯಲು ಬರುವತನಕ.

ಆಗ ಕಲಿಸುತ್ತಿದ್ದವರು ನನ್ನ ಸೋದರತ್ತೆ ಚನ್ನವೀರಮ್ಮನವರು. ಶಿಷ್ಯೆಯರು ಅವರನ್ನು ಅಕ್ಕೋರು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಶಿವಲೀಲಾ ಫೋನು ಹಿಡಿದು ಓಡಿ ಬಂದಳು.

"ಅಕ್ಕೋರ, ಗೋಪುರದ ಸೀರಿ ಫೋಟೋ ಇನ್‌ಸ್ಟಾಗ್ರಾಮಿನಾಗ ಹಾಕಿದ್ನಲ್ರಿ, ಮುಂಬೈದವರು ಕೆಲಸಕ್ಕ ಕರದಾರ!"

"ಯಾರನ್ನ?"

"ನನ್ನ ರೀ."

ಅತ್ತೆ ಕನ್ನಡಕ ಹಾಕಿಕೊಂಡು ಫೋಟೋದ ಕೆಳಗಿನ ಸಾಲನ್ನು ಓದಿದರು. 'ನನ್ನ ಕೈಕೆಲಸ' ಎಂದಿತ್ತು.

ಗವಂತಿ ಹೊಲಿಗೆಯಲ್ಲಿ ಸೂಜಿ ಒಂದೊಂದು ಸಂದು ಬಿಟ್ಟು ಮುಂದೆ ಹೋಗುತ್ತದೆ. ಮರಳಿ ಬರುವಾಗ ಆ ಸಂದುಗಳನ್ನು ತುಂಬುತ್ತದೆ. ಎರಡೂ ಕೂಡಿದರೆ ಒಂದು ಗೆರೆ.

"ಈ ಸೀರಿಗೆ ಹೋಗೋ ಎಳಿ ಯಾರು ಹಾಕಿದ್ರು?"

ಶಿವಲೀಲಾ ಫೋಟೋ ದೊಡ್ಡದು ಮಾಡಿ ತೋರಿಸಹೋದಳು.

"ಕಿವಿ ಕೇಳಸ್ತಾವೋ ಇಲ್ಲೋ?"

"ದ್ಯಾಮವ್ವ ಹಾಕಿದ್ಲ್ರಿ. ಬರೋ ಎಳಿ ನಂದು."

ದ್ಯಾಮವ್ವ ಅದೇ ಪಡಸಾಲೆಯ ಶಿಷ್ಯೆ. ಇಂಥದೊಂದು ಕೆಲಸಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದಳು.

"ಆಕಿ ಹೆಸರ ಎಲ್ಲಿ?"

"ಆಕಿ ಹತ್ರ ಫೋನೇ ಇಲ್ರಿ, ಅಕ್ಕೋರ."

"ಫೋನ್ ಇಲ್ಲಂದ್ರ ಕೈನೂ ಇಲ್ಲೇನು?"

ಅತ್ತೆ ಎದ್ದು ಹೋಗಿ ಸೀರೆ ತಂದು ಅವಳ ಮಡಿಲಿಗೆ ಹಾಕಿದರು. ಮೇಲೊಂದು ಕತ್ತರಿ ಇಟ್ಟರು.

"ದ್ಯಾಮವ್ವನ ಎಳಿ ಎಲ್ಲಾ ಬಿಚ್ಚು. ಉಳದದ್ದರ ಫೋಟೋ ಹಾಕು."

ಶಿವಲೀಲಾ ಕತ್ತರಿಯ ಮೊನೆಯನ್ನು ಗೋಪುರದ ತುದಿಗೆ ತಂದಳು. ಅಲ್ಲಿಯೇ ನಿಲ್ಲಿಸಿದಳು.

"ಬಿಚ್ಚಿದ್ರ ಗೋಪುರನ ಉಳಿಯಂಗಿಲ್ರಿ. ಬರೇ ತುಂಡ ತುಂಡ ಗೆರಿ ಆಗ್ತಾವು."

"ಅಷ್ಟ ನಿಂದು."

ಹುಡುಗಿ ಕತ್ತರಿ ಕೆಳಗಿಟ್ಟು ಅಳತೊಡಗಿದಳು.

"ಫೋಟೋ ಹಾಕಿದ್ದ ತಪ್ಪಾತೇನ್ರಿ?"

"ಹಾಕು. ಲೋಕಕ್ಕೆಲ್ಲ ತೋರಸು. ತೋರಸಬ್ಯಾಡ ಅಂತ ನಾ ಯಾವಾಗ ಅಂದೆ? ಕಣ್ಣೀರು ಸೀರಿ ಮ್ಯಾಲೆ ಬೀಳಂಗಿಲ್ಲ ನೋಡು, ಬಣ್ಣ ಬಿಟ್ಟೀತು."

ಶಿವಲೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಕಿ ಹೆಸರು ಈಗಿಂದೀಗ ಸೇರಸ್ತೀನ್ರಿ."

"ಸೇರಸು. ನಾವು ಇಬ್ಬರು ಅಂತ ಮುಂಬೈದವರಿಗೂ ಬರಿ."

"ಇಬ್ಬರು ಬ್ಯಾಡ ಅಂದ್ರಂದ್ರ? ನನ್ನ ಕೆಲಸ ಹೋಗ್ತದ್ರಿ, ಅಕ್ಕೋರ."

"ಹೋಗ್ಲಿ."

ಶಿವಲೀಲಾ ಫೋನು ಕೈಗೆತ್ತಿಕೊಂಡಳು. ಅತ್ತೆ ಅದನ್ನು ಕಸಿದುಕೊಂಡರು.

"ಅದು ಆಮ್ಯಾಲೆ. ದ್ಯಾಮವ್ವ ಒಳಗ ಕುಂತಾಳ. ಹೋಗಿ ಆಕಿ ಕ್ಷಮಾ ಕೇಳು."