ಹನ್ನೆರಡು ಬಾಗಿಲ ಕಂದಾಯ

ನನ್ನ ಕಣ್ಣಾಣೆ, ಇದು ನಡೆದದ್ದೇ. ಬ್ರಿಟಿಷ್ರು ಬೋಳುಗುಡ್ಡದ ಮೇಲೆ ಹೊಸ ಊರು ಕಟ್ಟಕ್ಕೆ ಹೊರಟ್ರು. ಆಗ ಅಲ್ಲಿದ್ದಿದ್ದು ಎರಡೇ ಮನೆ: ಟಾಮ್ಲಿನ್ ದೊರೆ ಬಂಗ್ಲೆ, ನನ್ನ ಗುಡ್ಲು. ಶಾನುಭೋಗ, ಪೊಲೀಸು, ಜವಾನ ಮೂರೂ ನಾನೇ. ನನ್ನಂಥೋನು ಇನ್ನೊಬ್ಬ ಎಲ್ಲಿ ಸಿಗ್ಬೇಕು!

ಒಂದಿನ ದೊರೆ ಗುಡುಗಿದ: "ಚೌಡಪ್ಪ, ಮೇಲಿಂದ ಕಾಸು ಬರಲ್ಲ. ಈ ಊರಿನ ಮನೆಗಂದಾಯದಲ್ಲೇ ನಿನ್ನ ಹದಿನೈದು ರೂಪಾಯಿ ಸಂಬಳ ಹುಟ್ಬೇಕು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

"ಕಂದಾಯ ಹೆಂಗೆ ಹಾಕ್ಲಿ ಬುದ್ಧಿ?"

"ಅದು ಶಾನುಭೋಗನ ಕೆಲ್ಸ. ಬರಿ, ರುಜು ಹಾಕ್ತೀನಿ."

ಬಾಗಿಲೊಂದಕ್ಕೆ ತಿಂಗಳಿಗೆ ಒಂದೂಕಾಲು ರೂಪಾಯಿ ಅಂತ ಬರೆದೆ. ದೊರೆ ಓದ್ದೇನೆ ರುಜು ಗೀಚ್ದ. ಪೊಲೀಸ್ ರುಮಾಲು ಸುತ್ಕೊಂಡು ಹೋಗಿ ಬಂಗ್ಲೆ ಬಾಗಿಲು ಎಣಿಸ್ದೆ. ಹನ್ನೆರಡು!

"ಹದಿನೈದು ರೂಪಾಯಿ ಕಟ್ಟಿ ಬುದ್ಧಿ."

ದೊರೆ ಮುಖ ಕೆಂಪಗಾಯ್ತು. "ನಿಂದೆಷ್ಟೋ?"

"ನನ್ನ ಗುಡ್ಲಿಗೆ ಬಾಗಿಲೆಲ್ಲಿದೆ? ಗೋಣಿಚೀಲ ಇಳಿಬಿಟ್ಟಿದೀನಿ."

ದೊರೆ ಹೊಟ್ಟೆ ಹಿಡ್ಕೊಂಡು ನಕ್ಕ. ದುಡ್ಡೂ ಕೊಟ್ಟ. ಪುಣ್ಯಾತ್ಮ, ಮಾರನೇ ದಿನ ಬಡಗೀನ ಕರ್ಕೊಂಡು ಬಂದು, "ನಿನ್ನ ಮಕ್ಳು ಚಳೀಲಿ ನಡುಗ್ತಾವೆ" ಅಂತ ನನ್ನ ಗುಡ್ಲಿಗೆ ತೇಗದ ಬಾಗಿಲು ಕೂರಿಸ್ದ. ಆಮೇಲೆ ಮೀಸೆ ಅಡೀಲಿ ನಗ್ತಾ ಕೈ ಚಾಚ್ದ: "ಶಾನುಭೋಗ್ರೇ, ಸರ್ಕಾರದ ಕಂದಾಯ?"

ಹೋಯ್ತು ನೋಡಿ, ಒಂದೂಕಾಲು ರೂಪಾಯಿ.